ನಂದಿಬೆಟ್ಟದ ತಪ್ಪಲಿನ ಗಾಲ್ಫ್ ಕ್ಲಬ್: ಅತಿಥಿಯಾಗಿ ಆಡಹೋಗುವವರಿಗೆ

ನಂದಿಬೆಟ್ಟದ ತಪ್ಪಲಿನ 18 ಹೋಲ್‌ಗಳ ಕಂಟ್ರಿ ಕ್ಲಬ್ ಒಂದರಲ್ಲಿ ಅತಿಥಿಯಾಗಿ ಗಾಲ್ಫ್ ಆಡಲು ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರದ ನಾವು ಕೆಲವು ಗೆಳೆಯರು ಸದಸ್ಯರೊಬ್ಬರ ಅತಿಥಿಗಳಾಗಿ ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲಿಯೂ ಇಲ್ಲಿ ಆಡಿದ್ದೇವೆ. ಮೆಚ್ಚುಗೆಯ ಜೊತೆಗೆ ಕೆಲವು ಆಕ್ಷೇಪಗಳನ್ನೂ ಹೇಳಬೇಕಾಗಿರುವುದರಿಂದ, ನಮ್ಮನ್ನು ಕರೆದುಕೊಂಡು ಹೋದವರಿಗೆ ಮುಜುಗರವಾಗಬಾರದೆಂದು ಕ್ಲಬ್ಬಿನ ಹೆಸರನ್ನು ಬಿಟ್ಟಿದ್ದೇನೆ. ಆದರೆ ಸಿದ್ಧತೆಯ ಬಗ್ಗೆ ಇಲ್ಲಿ ಹೇಳಿರುವ ಮಾತುಗಳಲ್ಲಿ ಹೆಚ್ಚಿನವು ನಮ್ಮ ಸೀಮೆಯ ಯಾವ ಗಾಲ್ಫ್ ಕೋರ್ಸಿಗೆ ಹೋದರೂ ಉಪಯೋಗಕ್ಕೆ ಬರುತ್ತವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಲಬ್ಬಿನ ಅತ್ಯುತ್ತಮ ಸೇವೆ ಅದರ ಕಟ್ಟಡದಲ್ಲಾಗಲಿ ಹುಲ್ಲುಹಾಸಿನಲ್ಲಾಗಲಿ ಇಲ್ಲ, ಸುತ್ತಲಿನ ಹಳ್ಳಿಗಳಿಂದ ಕೆಲಸಕ್ಕೆ ಬರುವ ಕ್ಯಾಡಿಗಳಲ್ಲಿ, ಅಂದರೆ ಆಟಗಾರರ ಚೀಲ ಹೊತ್ತು ಸಲಹೆ ಕೊಡುವವರಲ್ಲಿ ಇದೆ. ಆದ್ದರಿಂದ ದಿನ, ವೇಳೆ, ಖರ್ಚು ಎಲ್ಲವನ್ನೂ ಒಬ್ಬ ಒಳ್ಳೆಯ ಕ್ಯಾಡಿಯ ಜೊತೆ ನಡೆದು ಆಡುವುದಕ್ಕೆ ಅನುಕೂಲವಾಗುವಂತೆ ಗೊತ್ತುಮಾಡಿಕೊಳ್ಳಬೇಕು.

ಮೊದಲ ಕೆಲಸ ಟೀ ಟೈಮ್, ಅಂದರೆ ಆಟ ಶುರುಮಾಡುವ ವೇಳೆಯನ್ನು ಪಡೆಯುವುದು. ಕಂಟ್ರಿ ಕ್ಲಬ್ ಎಂದರೆ ಮೂಲತಃ ಸದಸ್ಯರ ಕ್ಲಬ್. ಹೊರಗಿನವರು ಬಾಗಿಲಿಗೆ ಹೋಗಿ ಹಣ ಕಟ್ಟಿ ಆಡುವ ಜಾಗ ಅದಲ್ಲ. ಸದಸ್ಯರೊಬ್ಬರು ಪರಿಚಯಿಸಬೇಕು, ಇಲ್ಲವೇ ಅದೇ ಆವರಣದ ಕೊಠಡಿಯಲ್ಲಿ ತಂಗಿರಬೇಕು, ಇಲ್ಲವೇ ನಾವು ಸದಸ್ಯರಾಗಿರುವ ಬೇರೆ ಕ್ಲಬ್ಬಿಗೂ ಇದಕ್ಕೂ ಪರಸ್ಪರ ಒಪ್ಪಂದ ಇರಬೇಕು. ನಾವು ಹೋದ ಕ್ಲಬ್ಬಿನಲ್ಲಿ ವಾರಾಂತ್ಯದ ಬೆಳಗಿನ ಹೊತ್ತನ್ನು ಸದಸ್ಯರಿಗಾಗಿ ಕಾದಿರಿಸುತ್ತಾರೆ, ಅದು ನ್ಯಾಯವೂ ಹೌದು. ಅತಿಥಿಗಳಿಗೆ ಮಂಗಳವಾರದಿಂದ ಶುಕ್ರವಾರದವರೆಗಿನ ಬೆಳಗು ಸುಲಭವಾಗಿ ಸಿಗುತ್ತದೆ. ಸೋಮವಾರ ಕೋರ್ಸನ್ನು ಮುಚ್ಚಿ ಹುಲ್ಲಿನ ಆರೈಕೆ ಮಾಡುವ ಪದ್ಧತಿ ನಮ್ಮ ದೇಶದ ಅನೇಕ ಕ್ಲಬ್ಬುಗಳಲ್ಲಿರುವಂತೆ ಇಲ್ಲಿಯೂ ಇದೆ.

ಶುಲ್ಕದ ವಿಷಯದಲ್ಲಿ ನನ್ನ ಮೊದಲ ಆಕ್ಷೇಪವಿದೆ. ದೂರವಾಣಿಯಲ್ಲಿ ಕೇಳಿದಾಗ ಅವರು ಹೇಳುವುದು ಆಟದ ಶುಲ್ಕವನ್ನು ಮಾತ್ರ. ಕ್ಯಾಡಿಯ ಶುಲ್ಕ, ಬ್ಯಾಟರಿ ಕಾರ್ಟಿನ ಬಾಡಿಗೆ, ಕ್ಲಬ್ ಸೆಟ್ಟಿನ (ಚೆಂಡು ಹೊಡೆಯುವ ಕೋಲುಗಳ) ಬಾಡಿಗೆ, ಅಭ್ಯಾಸದ ಚೆಂಡುಗಳ ಬುಟ್ಟಿಯ ಬೆಲೆ, ಇವೆಲ್ಲದರ ಮೇಲಿನ ತೆರಿಗೆ ಬಿಲ್ಲಿನಲ್ಲಿ ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ ಮತ್ತು ಕೊನೆಯ ಮೊತ್ತವು ಮೊದಲು ಕೇಳಿದ ಮೊತ್ತಕ್ಕಿಂತ ಸಾಕಷ್ಟು ಮೇಲಕ್ಕೆ ಹೋಗಿರುತ್ತದೆ. ಯಾರೂ ಮೋಸ ಮಾಡುತ್ತಿಲ್ಲ, ದರಪಟ್ಟಿ ಕೌಂಟರಿನ ಮೇಲೆ ಇದ್ದೇ ಇದೆ. ಆದರೆ ಇಡೀ ಮೊತ್ತವನ್ನು ಒಂದೇ ಸಲ ಹೇಳುವುದಕ್ಕೆ ಏನು ಅಡ್ಡಿಯೆಂದು ನನಗೆ ಅರ್ಥವಾಗಲಿಲ್ಲ. ನಾಲ್ವರು ಸೇರಿ ಹೋಗುವಾಗ ಖರ್ಚನ್ನು ಹಂಚಿಕೊಳ್ಳುವವರಿಗೆ ಈ ಲೆಕ್ಕ ಮೊದಲೇ ಬೇಕಾಗುತ್ತದೆ. ಆದ್ದರಿಂದ ಪ್ರತಿಯೊಂದು ಬಾಬನ್ನೂ ಹೆಸರು ಹಿಡಿದು ಕೇಳಿ, ಉತ್ತರವನ್ನು ವಾಟ್ಸಾಪ್ ಸಂದೇಶದಲ್ಲಿ ಬರೆಸಿಕೊಳ್ಳಿ. ಅದೇ ಸಂದೇಶದಲ್ಲಿ ಮಳೆ ಬಂದು ಆಟ ಅರ್ಧಕ್ಕೆ ನಿಂತರೆ ಹಣ ಹಿಂತಿರುಗುತ್ತದೆಯೇ ಅಥವಾ ಇನ್ನೊಂದು ದಿನ ಆಡಲು ಅವಕಾಶ ಕೊಡುತ್ತಾರೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕಾಲದ ಆಯ್ಕೆ ಇನ್ನೂ ಮುಖ್ಯ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಈ ಬೆಟ್ಟಸಾಲಿನ ಬುಡದಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ಮೊದಲ ಟೀಯಿಂದ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗದಿಂದ) ಫೇರ್‌ವೇ (ಮುಂದಿನ ಹುಲ್ಲಿನ ಹಾದಿ) ಕಾಣುವುದಿಲ್ಲ. ಸೂರ್ಯೋದಯವೇ 6.45ರ ಸುಮಾರಿಗೆ ಆಗುವುದರಿಂದ, 6.30ಕ್ಕೆ ಟೀ ಟೈಮ್ ತೆಗೆದುಕೊಂಡವರು ಒಂದು ಗಂಟೆ ಕಾಯುವುದು ಅಪರೂಪವಲ್ಲ. ಆ ತಿಂಗಳುಗಳಲ್ಲಿ 8 ಗಂಟೆಯ ನಂತರದ ವೇಳೆಯನ್ನೇ ಕೇಳುವುದು ಜಾಣತನ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇದಕ್ಕೆ ವಿರುದ್ಧ: ಬೆಳಿಗ್ಗೆ 6 ಗಂಟೆಗೆ ಶುರುಮಾಡಿ 10.30ರೊಳಗೆ ಮುಗಿಸಬೇಕು, ಏಕೆಂದರೆ ಆಮೇಲಿನ ಬಿಸಿಲು ಸಹಿಸಲಾಗದು ಮತ್ತು ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಬರುವ ಸಂಭವ ಹೆಚ್ಚು. ಕೈಯಲ್ಲಿ ಲೋಹದ ಕ್ಲಬ್ ಹಿಡಿದು ಬಯಲಿನಲ್ಲಿ ನಿಂತವನಿಗೆ ಸಿಡಿಲಿಗಿಂತ ದೊಡ್ಡ ಅಪಾಯ ಬೇರೊಂದಿಲ್ಲ. ಸೈರನ್ ಕೂಗಿದ ಕೂಡಲೇ, ಚೆಂಡು ಹೋಲಿನ ಪಕ್ಕದಲ್ಲೇ ಇದ್ದರೂ, ಆಟ ಬಿಟ್ಟು ಕ್ಲಬ್ ಹೌಸಿಗೆ ಅಥವಾ ಸಿಡಿಲಿನಿಂದ ರಕ್ಷಣೆಯಿರುವ ಕಟ್ಟಡಕ್ಕೆ ಹೋಗಬೇಕು. ಒಂಟಿ ಮರದ ಕೆಳಗೆ ಮಾತ್ರ ನಿಲ್ಲಕೂಡದು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮಳೆಗಿಂತ ಗಾಳಿ ಹೆಚ್ಚು. ಪಶ್ಚಿಮದಿಂದ ಬೀಸುವ ಆ ಗಾಳಿಯಲ್ಲಿ ಆಡುವುದು ಕಷ್ಟವಾದರೂ ನನಗೆ ಅತ್ಯಂತ ಇಷ್ಟವಾದ ಕಾಲ ಅದೇ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಜೋರು ಮಳೆ ಸುರಿದ ಮರುದಿನ ಕಾರ್ಟುಗಳನ್ನು ಫೇರ್‌ವೇಗೆ ಬಿಡುವುದಿಲ್ಲ. ನಡೆದು ಆಡುವವರಿಗೆ ಅದರಿಂದ ತೊಂದರೆಯೇನೂ ಇಲ್ಲ.

ದಿನವನ್ನು ಗೊತ್ತುಮಾಡುವ ಮೊದಲು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಗ್ರೀನ್‌ಗಳಿಗೆ (ಬಾವುಟ ಮತ್ತು ಕುಳಿ ಇರುವ ನುಣುಪು ಹುಲ್ಲಿನ ಜಾಗಗಳಿಗೆ) ಏರೇಷನ್ ಮಾಡಿ ಎಷ್ಟು ದಿನವಾಯಿತು? ಗ್ರೀನಿನ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದೇ ಹೋಗಬಾರದೆಂದು ಆಗಾಗ್ಗೆ ಯಂತ್ರದಿಂದ ಸಣ್ಣ ಸಣ್ಣ ತೂತುಗಳನ್ನು ಕೊರೆದು ಮರಳು ತುಂಬುತ್ತಾರೆ. ಹುಲ್ಲಿನ ಆರೋಗ್ಯಕ್ಕೆ ಅದು ಬೇಕೇ ಬೇಕು, ಆದರೆ ಆನಂತರದ ಒಂದೆರಡು ವಾರ ಚೆಂಡು ಗ್ರೀನಿನ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ. ಸದಸ್ಯರು ವರ್ಷವಿಡೀ ಆಡುವವರು, ಅವರಿಗೆ ಅದು ದೊಡ್ಡ ವಿಷಯವಲ್ಲ. ವರ್ಷಕ್ಕೊಮ್ಮೆ ಪೂರ್ತಿ ಶುಲ್ಕ ಕೊಟ್ಟು ಬರುವ ಅತಿಥಿಗೆ ಅದು ನಷ್ಟ. ನಾವು ಕೇಳಿದಾಗ, ಗುಂಪುಗಳನ್ನು ಆಟಕ್ಕೆ ಬಿಡುವ ಸ್ಟಾರ್ಟರ್ ಒಂದಿಷ್ಟೂ ಮುಚ್ಚಿಡದೆ ಹೇಳಿ, ಮುಂದಿನ ವಾರ ಬನ್ನಿ ಎಂದು ಸಲಹೆ ಕೊಟ್ಟರು. ಅದನ್ನು ನಾನು ಮೆಚ್ಚಿಕೊಂಡಿದ್ದೇನೆ.

ಚಿಕ್ಕಬಳ್ಳಾಪುರದಿಂದ ಹೋಗುವವರಿಗೆ ದಾರಿ ದೂರವಲ್ಲ, ಆದರೆ ಶನಿವಾರ ಮತ್ತು ಭಾನುವಾರ ಲೆಕ್ಕಾಚಾರ ತಪ್ಪುತ್ತದೆ. ಬೆಟ್ಟದ ಮೇಲೆ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬರುವ ವಾಹನಗಳು ಬೆಳಗಿನ ಜಾವವೇ ಸಾಲುಗಟ್ಟುತ್ತವೆ. 2023ರಲ್ಲಿ ಆವಲಗುರ್ಕಿಯ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಸಂಜೆಯ ಹೊತ್ತು ರಾಷ್ಟ್ರೀಯ ಹೆದ್ದಾರಿ 44ರಲ್ಲಿಯೂ ದಟ್ಟಣೆ ಹೆಚ್ಚಾಗಿದೆ. ನಂದಿ ಗ್ರಾಮದ ಕಡೆಯಿಂದ ಹೋಗುವ ಒಳದಾರಿ ಕಿರಿದಾದರೂ ವಾರದ ದಿನಗಳಲ್ಲಿ ನೆಮ್ಮದಿಯದು, ಎರಡೂ ಬದಿಗೆ ದ್ರಾಕ್ಷಿ ಮತ್ತು ಗುಲಾಬಿ ತೋಟಗಳು. ಟೀ ಟೈಮಿಗಿಂತ ಒಂದು ಗಂಟೆ ಮೊದಲು ಅಲ್ಲಿರಬೇಕು. ಅದು ಬರಿಯ ಶಿಸ್ತಿನ ಮಾತಲ್ಲ. ಗುಂಪುಗಳನ್ನು 8 ರಿಂದ 10 ನಿಮಿಷಗಳ ಅಂತರದಲ್ಲಿ ಬಿಡುವುದರಿಂದ, ತಡವಾದವರ ವೇಳೆ ಮುಂದಿನವರಿಗೆ ಹೋಗಿಬಿಡುತ್ತದೆ.

ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಇಲ್ಲಿ ಕೇಳುತ್ತಾರೆ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಮಟ್ಟಕ್ಕೆ ತಕ್ಕಂತೆ ಲೆಕ್ಕದಲ್ಲಿ ಕೊಡುವ ರಿಯಾಯಿತಿ ಹೊಡೆತಗಳು. 2020ರಲ್ಲಿ ಜಾರಿಗೆ ಬಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಗರಿಷ್ಠ ಮಿತಿ 54 ಆಗಿರುವುದರಿಂದ, ಹೊಸದಾಗಿ ಕಲಿತವರೂ ಒಂದು ಹ್ಯಾಂಡಿಕ್ಯಾಪ್ ಪಡೆದುಕೊಳ್ಳಬಹುದು. ಪ್ರಮಾಣಪತ್ರ ಇಲ್ಲದವರನ್ನು ಈ ಕ್ಲಬ್ಬಿನಲ್ಲಿ ಮೊದಲು ಅಭ್ಯಾಸದ ರೇಂಜಿಗೆ ಕರೆದೊಯ್ದು, ಕೋಚ್ ಒಬ್ಬರು ಹತ್ತು ಹನ್ನೆರಡು ಹೊಡೆತಗಳನ್ನು ನೋಡಿ ತೀರ್ಮಾನಿಸುತ್ತಾರೆ. ನಮ್ಮ ಜೊತೆ ಬಂದಿದ್ದ ನಿವೃತ್ತ ಅಧ್ಯಾಪಕರೊಬ್ಬರನ್ನು ಆ ಕೋಚ್ ಬಹಳ ಗೌರವದಿಂದ ನಡೆಸಿಕೊಂಡರು. ಪರೀಕ್ಷೆಯೆಂಬ ಭಾವನೆಯೇ ಬಾರದ ಹಾಗೆ, ಪಾಠ ಹೇಳಿಕೊಡುತ್ತಾ ನೋಡಿದರು.

ಇನ್ನು ಯಾವ ಟೀಯಿಂದ ಆಡಬೇಕೆಂಬ ಪ್ರಶ್ನೆ. ಇಲ್ಲಿ ಕಪ್ಪು, ನೀಲಿ, ಬಿಳಿ, ಕೆಂಪು ಎಂಬ ನಾಲ್ಕು ಬಣ್ಣದ ಟೀಗಳಿವೆ. ಕಪ್ಪಿನಿಂದ ಆಡಿದರೆ ಕೋರ್ಸ್ 7,000 ಗಜಗಳನ್ನು ಮುಟ್ಟುತ್ತದೆ, ಕೆಂಪಿನಿಂದ ಅದು ಬಹಳ ಕಡಿಮೆ. ನಮ್ಮವರಲ್ಲಿ ಒಂದು ಹಟವಿದೆ: ಇಷ್ಟು ಹಣ ಕೊಟ್ಟ ಮೇಲೆ ಇಡೀ ಕೋರ್ಸನ್ನು ನೋಡಬೇಕೆಂದು ಹಿಂದಿನ ಟೀಗೆ ಹೋಗುತ್ತಾರೆ. ಅದರಿಂದ ಅವರ ದಿನವೂ ಹಾಳು, ಹಿಂದಿನ ಗುಂಪಿನವರ ದಿನವೂ ಹಾಳು. ಒಂದು ಸುಲಭವಾದ ಲೆಕ್ಕವಿದೆ. ನಿಮ್ಮ 5 ನಂಬರ್ ಐರನ್ ಕ್ಲಬ್ಬಿನಿಂದ ಹೊಡೆದ ಚೆಂಡು ಎಷ್ಟು ಗಜ ಹೋಗುತ್ತದೆಯೋ ಅದನ್ನು 36ರಿಂದ ಗುಣಿಸಿದರೆ ನಿಮಗೆ ಸರಿಹೊಂದುವ ಕೋರ್ಸಿನ ಉದ್ದ ಸಿಗುತ್ತದೆ. 150 ಗಜ ಹೊಡೆಯುವವರಿಗೆ 5,400 ಗಜ ಸಾಕು. ಸ್ಕೋರ್ ಕಾರ್ಡಿನಲ್ಲಿ ಉದ್ದವನ್ನು ಗಜದಲ್ಲಿ ಬರೆದಿದ್ದಾರೆಯೇ ಮೀಟರಿನಲ್ಲಿ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ, ಏಕೆಂದರೆ 150 ಮೀಟರ್ ಎಂದರೆ 164 ಗಜ, ಅಷ್ಟಕ್ಕೇ ಕೈಯಲ್ಲಿರಬೇಕಾದ ಕ್ಲಬ್ ಬದಲಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ನಮ್ಮ ಬಯಲಿನಲ್ಲಿ ಗಾಳಿ ತೆಳುವಾಗಿರುವುದರಿಂದ ಚೆಂಡು ಕರಾವಳಿಯ ಊರುಗಳಿಗಿಂತ ತುಸು ಹೆಚ್ಚು ದೂರ ಹೋಗುತ್ತದೆ. ಮಂಗಳೂರು ಅಥವಾ ಚೆನ್ನೈ ಕಡೆಯಿಂದ ಬರುವವರು ಇದನ್ನು ಗಮನಿಸಬೇಕು.

ಉಡುಪಿನ ನಿಯಮ ಎಲ್ಲೆಡೆ ಇರುವಂಥದೇ: ಕಾಲರ್ ಇರುವ ಅಂಗಿ, ಜೀನ್ಸ್ ಅಲ್ಲದ ಪ್ಯಾಂಟು, ಲೋಹದ ಮೊಳೆಯಿಲ್ಲದ ಬೂಟು. ಬಾಡಿಗೆಗೆ ಸಿಗುವ ಕ್ಲಬ್ ಸೆಟ್ಟುಗಳು ಹಳೆಯವು, ಹಿಡಿಗಳು ಸವೆದು ನುಣುಪಾಗಿವೆ, ಎಡಗೈ ಆಟಗಾರರಿಗೆ ಸೆಟ್ಟೇ ಇರಲಿಲ್ಲ. ಇಷ್ಟು ಶುಲ್ಕ ಪಡೆಯುವ ಕ್ಲಬ್ಬಿಗೆ ಇದು ಶೋಭೆಯಲ್ಲ. ಸಾಧ್ಯವಿದ್ದರೆ ಸ್ವಂತ ಸೆಟ್ಟನ್ನೇ ಒಯ್ಯಿರಿ. ನಿಯಮದಂತೆ 14 ಕ್ಲಬ್ಬುಗಳವರೆಗೆ ಒಯ್ಯಬಹುದಾದರೂ, ನಡೆದು ಆಡುವವರು ಒಂಬತ್ತೋ ಹತ್ತೋ ಕ್ಲಬ್ಬುಗಳನ್ನಿಟ್ಟುಕೊಂಡರೆ ಚೀಲ ಹೊರುವವರ ಭುಜಕ್ಕೆ ಉಪಕಾರವಾಗುತ್ತದೆ.

ಅಭ್ಯಾಸದ ರೇಂಜ್ ಚೆನ್ನಾಗಿದೆ. ಆದರೆ ಹೊಸ ಕೋರ್ಸಿಗೆ ಬಂದವರು ಉದ್ದ ಹೊಡೆತದ ಡ್ರೈವರ್ ಕ್ಲಬ್ಬಿನಿಂದ ಬುಟ್ಟಿ ಖಾಲಿ ಮಾಡುವ ಬದಲು ಆ ಹೊತ್ತನ್ನು ಅಭ್ಯಾಸದ ಗ್ರೀನಿನ ಮೇಲೆ ಕಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗ್ರೀನಿನ ವೇಗ ಗೊತ್ತಾಗದೆ ಮೊದಲ ನಾಲ್ಕು ಹೋಲ್‌ಗಳಲ್ಲಿ ಕಳೆದುಕೊಳ್ಳುವ ಹೊಡೆತಗಳನ್ನು ಆಮೇಲೆ ಯಾವ ಉದ್ದ ಹೊಡೆತವೂ ತಂದುಕೊಡುವುದಿಲ್ಲ.

ಈಗ ಕೋರ್ಸಿನ ವಿಷಯಕ್ಕೆ ಬರುತ್ತೇನೆ. ಮೊದಲ ಮೂರು ಹೋಲ್‌ಗಳು ಅಗಲವಾಗಿದ್ದು ಅತಿಥಿಯನ್ನು ಹೆದರಿಸುವುದಿಲ್ಲ. ನಾಲ್ಕನೆಯ ಹೋಲ್‌ನಿಂದ ನಂದಿಬೆಟ್ಟ ಎದುರಿಗೆ ಬರುತ್ತದೆ, ಕೋರ್ಸಿನ ನಿಜವಾದ ಪರೀಕ್ಷೆಯೂ ಅಲ್ಲಿಂದಲೇ ಶುರುವಾಗುತ್ತದೆ. 1,478 ಮೀಟರ್ ಎತ್ತರದ ಬೆಟ್ಟ ಗ್ರೀನಿನ ಹಿಂದೆಯೇ ಎದ್ದುನಿಂತಂತೆ ಕಾಣುವುದರಿಂದ ಬಾವುಟ ಇರುವುದಕ್ಕಿಂತ ಹತ್ತಿರವಿದೆಯೆಂದು ಕಣ್ಣು ನಂಬುತ್ತದೆ. ನನ್ನ ಕ್ಯಾಡಿ ಮೊದಲ ಸಲವೇ ಎಚ್ಚರಿಸಿದರು: "ಸಾರ್, ಬೆಟ್ಟ ಇರೋದ್ರಿಂದ ಹತ್ರ ಕಾಣ್ತದೆ, ಅದನ್ನ ನಂಬಬೇಡಿ. ಒಂದು ಕ್ಲಬ್ ಜಾಸ್ತಿನೇ ತಗೊಳ್ಳಿ." ಅಂದರೆ ಇನ್ನೂ ದೂರ ಹೊಡೆಯುವ ಕ್ಲಬ್ ಹಿಡಿಯಿರಿ ಎಂದು. ಜೊತೆಗಾರರೊಬ್ಬರು ದೂರ ಅಳೆಯುವ ಲೇಸರ್ ಯಂತ್ರದಿಂದ ನೋಡಿ ಹೇಳಿದ ಅಂಕಿಯೂ ಕ್ಯಾಡಿಯ ಅಂದಾಜೂ ನಾಲ್ಕೈದು ಗಜಕ್ಕಿಂತ ಹೆಚ್ಚು ಬೇರೆಯಿರಲಿಲ್ಲ. ಯಂತ್ರ ಹೇಳದೇ ಇದ್ದ ಇನ್ನೊಂದು ಸಂಗತಿಯನ್ನು ಅವರು ಹೇಳಿದರು: ಆ ಗ್ರೀನಿನ ಮುಂದೆ ನೆಲ ಗಟ್ಟಿಯಾಗಿದ್ದು ಚೆಂಡು ಬಿದ್ದ ಮೇಲೆ ಎಡಕ್ಕೆ ಓಡುತ್ತದೆ, ಹಾಗಾಗಿ ಬಾವುಟದ ಬಲಗಡೆಯ ಬಂಕರಿನ (ಮರಳುಗುಳಿಯ) ಅಂಚನ್ನೇ ಗುರಿಯಾಗಿಟ್ಟುಕೊಳ್ಳಬೇಕು.

ಏಳನೆಯ ಹೋಲ್ ಈ ಕೋರ್ಸಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಳೆಯ ಕೆರೆಯೊಂದರ ಅಂಗಳದ ಮೂಲೆಯನ್ನು ದಾಟಿಸಿ ಹೊಡೆಯಬೇಕಾದ ಪಾರ್ 3 ಅದು, ಅಂದರೆ ನುರಿತವರು ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಮಳೆಗಾಲದ ಕೊನೆಯಲ್ಲಿ ಅಲ್ಲಿ ನೀರು ನಿಂತು ಬೆಳ್ಳಕ್ಕಿಗಳು ಬಂದಿರುತ್ತವೆ, ಮಾರ್ಚ್ ಹೊತ್ತಿಗೆ ಬಿರುಕುಬಿಟ್ಟ ಕೆಸರು ಮಾತ್ರ ಉಳಿದಿರುತ್ತದೆ. ಒಣಗಿದ್ದರೂ ಕೆಂಪು ಗೂಟಗಳ ಒಳಗಿನ ಆ ಜಾಗ ಪೆನಾಲ್ಟಿ ಏರಿಯಾ ಎಂದೇ ಲೆಕ್ಕ. ಆದರೆ ಚೆಂಡು ಅಲ್ಲಿ ಬಿತ್ತೆಂದು ದಂಡದ ಹೊಡೆತವನ್ನು ತಪ್ಪದೇ ತೆರಬೇಕಾಗಿಲ್ಲ. 2019ರ ಪರಿಷ್ಕೃತ ನಿಯಮಗಳ ಪ್ರಕಾರ ಅಲ್ಲಿ ಕ್ಲಬ್ಬನ್ನು ನೆಲಕ್ಕೆ ಊರಬಹುದು, ಒಣಗಿದ ಎಲೆ ಕಡ್ಡಿಗಳನ್ನು ತೆಗೆಯಬಹುದು, ಚೆಂಡು ಬಿದ್ದಲ್ಲಿಂದಲೇ ದಂಡವಿಲ್ಲದೆ ಆಡಬಹುದು. ಬೇಸಿಗೆಯಲ್ಲಿ ನಮ್ಮ ಗೆಳೆಯರೊಬ್ಬರು ದಂಡ ತೆತ್ತು ಚೆಂಡು ಬದಲಾಯಿಸಲು ಹೊರಟಾಗ ಅವರನ್ನು ತಡೆದು ಈ ನಿಯಮವನ್ನು ತಿಳಿಸಿದವರೂ ಕ್ಯಾಡಿಯೇ. ಅದೇ 2019ರ ಬದಲಾವಣೆಯಲ್ಲಿ ಕಳೆದುಹೋದ ಚೆಂಡನ್ನು ಹುಡುಕುವ ಅವಧಿ 5 ನಿಮಿಷದಿಂದ 3 ನಿಮಿಷಕ್ಕೆ ಇಳಿದಿದೆ. ಇಲ್ಲಿ ಕೋರ್ಸಿನ ಅಂಚಿಗೆ ಹತ್ತಿಕೊಂಡು ಕುರುಚಲು ಕಾಡಿರುವುದರಿಂದ ಅಷ್ಟೂ ಹೊತ್ತು ಹುಡುಕಬೇಕಾಗಿಲ್ಲ. ಪೊದೆಯೊಳಗೆ ಕೈ ಹಾಕಲೇಬೇಡಿ. ವಿಷದ ಹಾವು ಅಥವಾ ಜೇನುಹುಳುಗಳಂಥ ಅಪಾಯಕಾರಿ ಪ್ರಾಣಿಗಳ ಬಳಿ ಚೆಂಡು ನಿಂತಿದ್ದರೆ ದಂಡವಿಲ್ಲದೆ ಬೇರೆಡೆ ಡ್ರಾಪ್ ಮಾಡಲು (ಕೈಯಿಂದ ಬೀಳಿಸಿ ಆಡಲು) 16.2ನೆಯ ನಿಯಮದಲ್ಲಿ ಅವಕಾಶವಿದೆ; ಬಂಡೆಗಳಲ್ಲಿ ಹೆಜ್ಜೇನು ಕಟ್ಟುವ ನಮ್ಮ ಬೆಟ್ಟಸಾಲಿನಲ್ಲಿ ಈ ನಿಯಮ ಪುಸ್ತಕದಲ್ಲಷ್ಟೇ ಉಳಿಯುವಂಥದಲ್ಲ.

ಕೊನೆಯ ಒಂಬತ್ತು ಹೋಲ್‌ಗಳು ನನ್ನ ದೃಷ್ಟಿಯಲ್ಲಿ ಮೊದಲ ಒಂಬತ್ತರಷ್ಟು ಚೆನ್ನಾಗಿಲ್ಲ. ಮನೆಗಳ ಸಾಲು ಫೇರ್‌ವೇಗೆ ತೀರ ಹತ್ತಿರ ಬಂದಿದೆ, 12 ಮತ್ತು 13ನೆಯ ಹೋಲ್‌ಗಳು ಒಂದೇ ಅಚ್ಚಿನವು. 16ನೆಯ ಹೋಲ್ ಮಾತ್ರ ಸೊಗಸಾದ ಪಾರ್ 5; ಎಡಕ್ಕೆ ತಿರುಗುವ ಮೂಲೆಯಲ್ಲಿ ದೊಡ್ಡ ಹುಣಸೆಮರವೊಂದನ್ನು ಕಡಿಯದೆ ಉಳಿಸಿಕೊಂಡಿದ್ದಾರೆ, ಅದನ್ನು ದಾಟಿಸಲು ಯಾರಿಗೆ ಧೈರ್ಯವಿದೆಯೋ ಅವರಿಗೆ ಎರಡೇ ಹೊಡೆತದಲ್ಲಿ ಗ್ರೀನಿನ ಹತ್ತಿರ ಹೋಗುವ ದಾರಿ ತೆರೆಯುತ್ತದೆ.

ಕ್ಯಾಡಿಗಳ ಬಗ್ಗೆ ಇನ್ನಷ್ಟು ಹೇಳಬೇಕು. ಕೌಂಟರಿನಲ್ಲಿ ಕಾರ್ಟ್ ತೆಗೆದುಕೊಳ್ಳಿ ಎಂದೇ ಮೊದಲು ಕೇಳುತ್ತಾರೆ, ಕಾರ್ಟಿನ ಬಾಡಿಗೆ ಕ್ಲಬ್ಬಿಗೆ ಆದಾಯ. ಆದರೆ ಕಾರ್ಟ್ ಹತ್ತಿದವರು ಚೆಂಡಿನಿಂದ ಚೆಂಡಿಗೆ ಹೋಗಿ ಬರುತ್ತಾರೆಯೇ ಹೊರತು ನೆಲದ ಏರಿಳಿತ ಅವರ ಕಾಲಿಗೆ ಗೊತ್ತಾಗುವುದಿಲ್ಲ. 18 ಹೋಲ್ ನಡೆದರೆ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಆರೋಗ್ಯ ಅಡ್ಡಿಬಾರದವರಿಗೆ ಅದು ಭಾರವೇನಲ್ಲ. ಟೀ ಟೈಮ್ ಕೇಳುವಾಗಲೇ ಒಬ್ಬರಿಗೆ ಒಬ್ಬ ಕ್ಯಾಡಿ ಬೇಕೆಂದು, ಕನ್ನಡದಲ್ಲಿ ಮಾತನಾಡುವವರೇ ಇರಲೆಂದು ಹೇಳಿಡಿ. ಇಲ್ಲಿನ ಕ್ಯಾಡಿಗಳಲ್ಲಿ ಹೆಚ್ಚಿನವರು ಕನ್ನಡ ತೆಲುಗು ಎರಡನ್ನೂ ಆಡುವವರು. ಕೋರ್ಸ್ ಆಗುವುದಕ್ಕೆ ಮೊದಲು ಇದೇ ನೆಲದಲ್ಲಿ ರಾಗಿ, ಅವರೆ ಬೆಳೆದ ಮನೆತನದವರೂ ಅವರಲ್ಲಿದ್ದಾರೆ. ನೀರು ಯಾವ ಕಡೆಗೆ ಹರಿದುಹೋಗುತ್ತದೆಂದು ಚಿಕ್ಕಂದಿನಿಂದ ನೋಡಿದವರಿಗೆ ಗ್ರೀನಿನ ಇಳಿಜಾರನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಕಣ್ಣಿಗೆ ಸಮತಟ್ಟಾಗಿ ಕಂಡ ಹತ್ತು ಅಡಿಯ ಪಟ್‌ಗೆ (ಗ್ರೀನಿನ ಮೇಲೆ ಚೆಂಡು ಉರುಳಿಸುವ ಹೊಡೆತಕ್ಕೆ) "ಒಂದು ಹೋಲ್ ಅಗಲ ಬೆಟ್ಟದ ಕಡೆಗೆ ಹಿಡೀರಿ ಸಾರ್" ಎಂದು ಅವರು ಹೇಳಿದಾಗ ನಂಬಿ ಹೊಡೆದವರ ಚೆಂಡು ಒಳಗೆ ಹೋಯಿತು.

ಬಿಡದಿ ಕಡೆಯ ಗಾಲ್ಫ್ ಕೋರ್ಸಿನಲ್ಲಿ ಕ್ಯಾಡಿಯಾಗಿದ್ದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ದೇಶದ ಹೆಸರಾಂತ ವೃತ್ತಿಪರ ಆಟಗಾರರಲ್ಲಿ ಒಬ್ಬರಾದದ್ದು ಇಲ್ಲಿನ ಎಲ್ಲ ಎಳೆಯ ಕ್ಯಾಡಿಗಳಿಗೂ ಗೊತ್ತು. ಕೋರ್ಸ್ ಮುಚ್ಚಿರುವ ಸೋಮವಾರದ ಸಂಜೆ ಕ್ಯಾಡಿಗಳಿಗೆ ಆಡಲು ಬಿಡುವ ಏರ್ಪಾಡು ಇಲ್ಲಿದೆ ಎಂದು ಕೇಳಿ ನನಗೆ ಬಹಳ ಸಂತೋಷವಾಯಿತು. ಇಂಥ ಏರ್ಪಾಡಿಗೆ ಅತಿಥಿಗಳೂ ನೆರವಾಗಬಹುದು: ಉಪಯೋಗವಿಲ್ಲದೆ ಮನೆಯಲ್ಲಿ ಬಿದ್ದಿರುವ ಹಳೆಯ ಕ್ಲಬ್ಬುಗಳು, ಕೈಗವಸುಗಳು, ಚೆಂಡುಗಳು ಇದ್ದರೆ ಕ್ಯಾಡಿಗಳ ಮೇಲ್ವಿಚಾರಕರಾದ ಕ್ಯಾಡಿ ಮಾಸ್ಟರ್ ಅವರನ್ನು ಕೇಳಿ ಕೊಟ್ಟುಬನ್ನಿ.

ಆಟದ ವೇಗದ ಬಗ್ಗೆ ಕ್ಲಬ್ ಬಿಗಿಯಾಗಿದೆ. ನಾಲ್ವರ ಗುಂಪು ನಾಲ್ಕೂವರೆ ಗಂಟೆಯೊಳಗೆ ಮುಗಿಸಬೇಕು. ಮಾರ್ಷಲ್ ಬಂದು ಎಚ್ಚರಿಸುವುದು ಕಿರಿಕಿರಿಯೆನಿಸಿದರೂ ಅವರು ಮಾಡುತ್ತಿರುವುದು ಸರಿಯಾದ ಕೆಲಸ. ಕಡಿಮೆ ಅನುಭವದವರು ಸ್ಟೇಬಲ್‌ಫರ್ಡ್ ಪದ್ಧತಿಯಲ್ಲಿ ಆಡುವುದು ಲೇಸು. ಅದರಲ್ಲಿ ಹ್ಯಾಂಡಿಕ್ಯಾಪ್ ಹೊಡೆತಗಳನ್ನು ಕಳೆದ ಮೇಲೆ ಪಾರ್‌ಗೆ 2 ಅಂಕ, ಬೋಗಿಗೆ (ಪಾರ್‌ಗಿಂತ ಒಂದು ಹೊಡೆತ ಹೆಚ್ಚಾದರೆ) 1 ಅಂಕ, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆ ಖಚಿತವಾದ ಕೂಡಲೇ ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು, ಒಂದು ಕೆಟ್ಟ ಹೋಲ್‌ನಿಂದ ಇಡೀ ದಿನದ ಲೆಕ್ಕ ಕೆಡುವುದಿಲ್ಲ, ಹಿಂದಿನವರೂ ಕಾಯಬೇಕಾಗುವುದಿಲ್ಲ.

ಹುಲ್ಲಿನ ಬಗ್ಗೆ ಬೇರೆ ಅತಿಥಿಗಳಿಂದ ಕೇಳಿದ ಒಂದು ದೂರನ್ನು ನಾನು ಒಪ್ಪುವುದಿಲ್ಲ. ಮಾರ್ಚ್ ನಂತರ ಫೇರ್‌ವೇ ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ, ಇಷ್ಟು ಶುಲ್ಕ ಕೊಟ್ಟು ಒಣಹುಲ್ಲಿನ ಮೇಲೆ ಆಡಬೇಕೆ ಎಂಬುದು ಅವರ ಆಕ್ಷೇಪ. ಫೇರ್‌ವೇಯಲ್ಲಿರುವುದು ಬರ್ಮುಡಾ ಜಾತಿಯ ಹುಲ್ಲು, ಅಂದರೆ ಗಣಪತಿಗೆ ನಾವು ಏರಿಸುವ ಗರಿಕೆಯ ಕುಲದ್ದೇ. ಬಿಸಿಲಿಗೆ ಬಣ್ಣಗೆಟ್ಟರೂ ಬೇರು ಸಾಯುವುದಿಲ್ಲ, ಎರಡು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಈ ಬೆಟ್ಟಸಾಲಿನಲ್ಲಿಯೇ ಹುಟ್ಟಿದರೂ ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳೂ ಬತ್ತಿರುವ ಊರುಗಳಿವೆ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ ನಾಗವಾರ ಕಣಿವೆ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಇಂಥ ಸೀಮೆಯಲ್ಲಿ ಬೇಸಿಗೆಯಲ್ಲಿಯೂ ಹಚ್ಚಹಸಿರಾಗಿರುವ ಗಾಲ್ಫ್ ಕೋರ್ಸನ್ನು ಕಂಡರೆ ನಾನು ಸಂತೋಷಪಡುವ ಬದಲು ನೀರು ಎಲ್ಲಿಂದ ಬಂತೆಂದು ಕೇಳುತ್ತೇನೆ. ಇಲ್ಲಿ ಕೇಳಿದಾಗ, ತಮ್ಮದೇ ಮನೆಗಳ ಬಳಸಿದ ನೀರನ್ನು ಶುದ್ಧೀಕರಿಸಿ ಹಾಯಿಸುತ್ತೇವೆ, ಬೇಸಿಗೆಯಲ್ಲಿ ಗ್ರೀನ್ ಮತ್ತು ಟೀಗಳಿಗೆ ಮಾತ್ರ ಬಿಡುತ್ತೇವೆ ಎಂಬ ಉತ್ತರ ಸಿಕ್ಕಿತು. ಅದು ತಕ್ಕ ನಡವಳಿಕೆ. ಅವಿಭಜಿತ ಕೋಲಾರ ಜಿಲ್ಲೆಗೆ ಗಾಲ್ಫ್ ಹೊಸದೇನೂ ಅಲ್ಲ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಬೆಳೆದ ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಅಧಿಕಾರಿಗಳು ಗಾಲ್ಫ್ ಆಡುತ್ತಿದ್ದರು. ನೀರು ಕಡಿಮೆಯಿದ್ದ ಕಡೆಗಳಲ್ಲಿ ಹುಲ್ಲಿನ ಗ್ರೀನಿಗೆ ಬದಲಾಗಿ ಎಣ್ಣೆ ಬೆರೆಸಿದ ಮರಳಿನ 'ಬ್ರೌನ್' ಮಾಡಿಕೊಂಡು ಆಡುವ ರೂಢಿ ನಮ್ಮ ದೇಶದಲ್ಲಿ ಬಹಳ ಕಾಲ ಇತ್ತು. ಒಣಗಿದ ಫೇರ್‌ವೇ ಮೇಲೆ ಚೆಂಡು ಇನ್ನೂ ಇಪ್ಪತ್ತು ಗಜ ಮುಂದೆ ಉರುಳುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಆಡುವುದರಲ್ಲಿ ಬೇರೆಯದೇ ಜಾಣ್ಮೆಯಿದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂಬತ್ತನೆಯ ಹೋಲ್ ಮುಗಿದ ಮೇಲೆ ಸಿಗುವ ಚಿಕ್ಕ ಮಳಿಗೆಯಲ್ಲಿ ಮಜ್ಜಿಗೆ, ನಿಂಬೆ ಸೋಡಾ, ಮೊಟ್ಟೆ ಸ್ಯಾಂಡ್‌ವಿಚ್ ಇರುತ್ತವೆ, ಮಜ್ಜಿಗೆ ಬಹಳ ಚೆನ್ನಾಗಿದೆ. ಕ್ಲಬ್ ಹೌಸಿನ ಊಟ ದುಬಾರಿ ಮತ್ತು ಸಾಧಾರಣ.

ನನ್ನ ಕೊನೆಯ ಆಕ್ಷೇಪ ಫಲಕಗಳದ್ದು. ಸಿಡಿಲಿನ ಸೈರನ್ ಕೂಗಿದಾಗ ಏನು ಮಾಡಬೇಕು, ಆಸರೆಯ ಕಟ್ಟಡಗಳು ಎಲ್ಲಿವೆ, ಯಾವ ನೀರು ಕುಡಿಯಬಾರದು ಎಂಬ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇವೆ. ದಿನವಿಡೀ ಆ ಬಯಲಿನಲ್ಲಿರುವವರು ಹುಲ್ಲು ಕತ್ತರಿಸುವವರು, ಕಳೆ ಕೀಳುವ ಹೆಂಗಸರು, ಕ್ಯಾಡಿಗಳು. ಸೂಚನೆ ಮೊದಲು ಅವರಿಗೆ ಅರ್ಥವಾಗಬೇಕು. ಇದನ್ನು ನಾವು ಸಲಹಾ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದು ಬಂದಿದ್ದೇವೆ. ಅಲ್ಲಿ ಆಡಲು ಹೋಗುವ ಕನ್ನಡಿಗರು ತಾವೂ ಒಂದು ಸಾಲು ಬರೆದುಬರಬೇಕೆಂದು ಕೋರುತ್ತೇನೆ.

ಕ್ಯಾಡಿಯ ಶುಲ್ಕ ಬಿಲ್ಲಿನಲ್ಲಿಯೇ ಸೇರಿರುತ್ತದೆ, ಆದರೆ ಅದರಲ್ಲಿ ಎಷ್ಟು ಪಾಲು ಅವರ ಕೈಸೇರುತ್ತದೆ, ಯಾವಾಗ ಸೇರುತ್ತದೆ ಎಂಬುದನ್ನು ಕ್ಯಾಡಿ ಮಾಸ್ಟರ್ ಅವರನ್ನು ಕೇಳಿ ತಿಳಿದುಕೊಳ್ಳಿ. ಅದರ ಮೇಲೆ ಕೊಡುವ ಭಕ್ಷೀಸನ್ನು ನೋಟಿನಲ್ಲಿ ನೇರವಾಗಿ ಅವರ ಕೈಗೇ ಕೊಡಿ, ಅದಕ್ಕಾಗಿ ಮನೆಯಿಂದ ಹೊರಡುವಾಗಲೇ ಚಿಲ್ಲರೆ ಇಟ್ಟುಕೊಂಡಿರಿ, ಏಕೆಂದರೆ ಕ್ಲಬ್ಬಿನೊಳಗೆ ಕಾರ್ಡಿನ ವ್ಯವಹಾರ ಮಾತ್ರ ನಡೆಯುತ್ತದೆ. ಆಟ ಹಿಡಿಸಿದ್ದರೆ ಕ್ಯಾಡಿಯ ನಂಬರನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಸಲ ಟೀ ಟೈಮ್ ಪಡೆಯುವಾಗ ಆ ನಂಬರ್ ಹೇಳಿದರೆ ಅವರನ್ನೇ ಕೊಡುತ್ತಾರೆ.